ಕಿಟಕಿ ಮುಚ್ಚಿತೆಂದು ಮನೆ ಕೆಡವಬೇಕೇ?

ದಾವಣಗೆರೆಯ ಕಂಪ್ಯೂಟರ್ ರಿಪೇರಿ ಅಂಗಡಿಗಳ ಮುಂದೆ ಈಚೆಗೆ ಒಂದು ತಮಾಷೆ ನಡೆದಿದೆ. ಪಿಯುಸಿ, ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ಹುಡುಗರು ಸ್ಕೂಟರಿನ ಮುಂದೆ ಕಂಪ್ಯೂಟರ್ ಪೆಟ್ಟಿಗೆ ನಿಲ್ಲಿಸಿಕೊಂಡು ಬರುತ್ತಾರೆ. ಹಿಂದೆ ಅಪ್ಪ ಕೂತಿರುತ್ತಾರೆ. ಪೆಟ್ಟಿಗೆ ಕೆಟ್ಟಿಲ್ಲ. ಸ್ವಿಚ್ಚು ಹಾಕಿದರೆ ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ, ನಿನ್ನೆ ರಾತ್ರಿ ಹನ್ನೆರಡರವರೆಗೆ ಹುಡುಗ ಅದರಲ್ಲೇ ಗೇಮ್ ಆಡಿದ್ದಾನೆ. ಆದರೂ ಅಂಗಡಿಯವರು ಪಕ್ಕದ ತಗಡು ಬಿಚ್ಚಿ, ಒಳಗೆ ಟಾರ್ಚು ಬಿಟ್ಟು, ನಾಡಿ ಹಿಡಿದ ವೈದ್ಯರಂತೆ ತಲೆಯಾಡಿಸಿ, "ಇದು ಮುಗೀತು ಸಾರ್, ವಿಂಡೋಸ್ ಹನ್ನೊಂದು ಇದಕ್ಕೆ ಕೂರಲ್ಲ, ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರೂ ಹೊಸದು ಹಾಕ್ಬೇಕು" ಅನ್ನುತ್ತಾರೆ. ಆಗ ಅಪ್ಪನ ಮುಖ ನೋಡಬೇಕು.

ಇದು ಹತ್ತಿ ಗಿರಣಿಗಳ ಊರು. ಓಡುವ ಯಂತ್ರ ಗುಜರಿಗೆ ಹೋಗುವುದನ್ನು ಕಂಡ ಊರು. ಹಾಗಾಗಿ ಓಡುತ್ತಿರುವ ಯಂತ್ರವನ್ನು 'ಮುಗೀತು' ಎಂದು ಯಾರಾದರೂ ಹೇಳಿದರೆ, ಏನು ಮುಗೀತು, ಯಾರು ಮುಗಿಸಿದರು ಅಂತ ಕೇಳುವ ಹಕ್ಕು ನಮಗಿದೆ.

ವಿಚಾರಿಸಲಾಗಿ ತಿಳಿದದ್ದು ಇಷ್ಟು. ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ 2015ರ ಜುಲೈ 29ರಂದು ವಿಂಡೋಸ್ 10 ಎಂಬುದನ್ನು ಬಿಟ್ಟಿತು. ನಮ್ಮ ಕಡೆಯ ಬಹುಪಾಲು ಮನೆ, ಅಂಗಡಿ, ಸೈಬರ್ ಸೆಂಟರುಗಳಲ್ಲಿ ಓಡಿದ್ದು ಅದೇ. 2025ರ ಅಕ್ಟೋಬರ್ 14ಕ್ಕೆ ಅದರ ಪೋಷಣೆಯನ್ನು ಕಂಪನಿ ನಿಲ್ಲಿಸಿತು. ಪೋಷಣೆ ನಿಲ್ಲಿಸಿತು ಅಂದರೆ ಕಂಪ್ಯೂಟರ್ ನಿಂತಿತು ಅಂತಲ್ಲ. ಕಳ್ಳಗಂಡಿ ಕಂಡಾಗ ಮುಚ್ಚಲು ತಿಂಗಳಿಗೊಮ್ಮೆ ಬಿಟ್ಟಿಯಾಗಿ ಬರುತ್ತಿದ್ದ ತೇಪೆ ನಿಂತಿತು. ಬೇಕಾದವರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಹೆಸರು ನೋಂದಾಯಿಸಿಕೊಂಡರೆ ತೇಪೆ ಕೊಡುತ್ತೇವೆ ಅಂತಲೂ ಕಂಪನಿ 2025ರಲ್ಲಿ ಹೇಳಿತು. ದುಡ್ಡು ಕೊಟ್ಟೂ ಪಡೆಯಬಹುದಿತ್ತು, ಕಂಪನಿಯ ಖಾತೆ ತೆರೆದು ನಮ್ಮ ಸೆಟ್ಟಿಂಗುಗಳನ್ನು ಅವರ ಬಳಿ ಇಟ್ಟರೆ ದುಡ್ಡಿಲ್ಲದೆಯೂ ಪಡೆಯಬಹುದಿತ್ತು. ಈ ಮಾತನ್ನು ಎಷ್ಟು ಅಂಗಡಿಯವರು ಗಿರಾಕಿಗೆ ಹೇಳಿದರು? ಈ ವರದಿಗಾರ ಹೋಗಿ ನಿಂತ ನಾಲ್ಕು ಅಂಗಡಿಗಳಲ್ಲಿ ಒಬ್ಬರು ಹೇಳಿದರು.

ಇನ್ನು ವಿಂಡೋಸ್ 11. ಅದು ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಅದಕ್ಕೆ ಶರತ್ತುಗಳುಂಟು. ಟಿಪಿಎಂ 2.0 ಅನ್ನುವ ಬೀಗದ ಚಿಪ್ಪಿನ ಸೌಲಭ್ಯ ಇರಬೇಕು. ಪ್ರೊಸೆಸರ್ ಇಂಟೆಲ್ ಆದರೆ, ಒಂದೆರಡು ಬಿಟ್ಟು, ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. 2017ರ ಜನವರಿಯಲ್ಲಿ ಬಂದ ಏಳನೇ ತಲೆಮಾರಿನ ಐ7, ಆ ಕಾಲಕ್ಕೆ ಗೇಮ್ ಆಡುವವರು ಮೀಸೆ ತಿರುವುತ್ತಿದ್ದ ಪ್ರೊಸೆಸರ್, ಅದೂ ಪಟ್ಟಿಯಿಂದ ಹೊರಗೆ. ಪಂಕ್ತಿಯಲ್ಲಿ ಕೂತವನನ್ನು ಎಲೆ ಹಾಕುವ ಹೊತ್ತಿಗೆ ಎಬ್ಬಿಸಿದ ಹಾಗೆ. ಶರತ್ತು ತಪ್ಪಿಸಿ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕುವ ಕಲೆ ನಮ್ಮ ಹುಡುಗರಿಗೆ ಗೊತ್ತು. ಆದರೆ ನಾಳೆ ತೇಪೆ ಬರದಿದ್ದರೆ ನಮ್ಮನ್ನು ಕೇಳಬೇಡಿ ಅಂತ ಕಂಪನಿ ಮೊದಲೇ ಹೇಳಿಬಿಟ್ಟಿದೆ.

ಇಲ್ಲೊಂದು ಮಾತು ಅಂಗಡಿಯವರಿಗೆ ಕಹಿಯಾದರೂ ಹೇಳಲೇಬೇಕು. ಎಂಟನೇ, ಒಂಬತ್ತನೇ ತಲೆಮಾರಿನ ಎಷ್ಟೋ ಪೆಟ್ಟಿಗೆಗಳಲ್ಲಿ ಆ ಬೀಗದ ಸೌಲಭ್ಯ ಇದ್ದೇ ಇರುತ್ತದೆ, ಬಯಾಸ್ ಒಳಗೆ ಆಫ್ ಆಗಿರುತ್ತದೆ ಅಷ್ಟೆ. ಎರಡು ನಿಮಿಷದಲ್ಲಿ ಆನ್ ಮಾಡಬಹುದು. ಅಂಥ ಪೆಟ್ಟಿಗೆಗೂ ಹೊಸ ಬೋರ್ಡಿನ ಚೀಟಿ ಬರೆದುಕೊಟ್ಟದ್ದನ್ನು ಈ ವರದಿಗಾರ ಕಣ್ಣಾರೆ ಕಂಡಿದ್ದಾನೆ. ಅಂಗಡಿಯ ಹೆಸರು ಇಲ್ಲಿ ಬೇಡ, ಅವರು ಓದಿದರೆ ಅವರಿಗೇ ಗೊತ್ತಾಗುತ್ತದೆ.

ಬೋರ್ಡು ಬದಲಿಸಿದರೆ ಹಳೆಯ ರ‍್ಯಾಮ್ ಹೊಸದಕ್ಕೆ ಕೂರುವುದು ಕಷ್ಟ. ಹಳೆಯದು ಡಿಡಿಆರ್ 3, ಡಿಡಿಆರ್ 4. ಈಗಿನ ಬೋರ್ಡುಗಳು ಹೆಚ್ಚಾಗಿ ಕೇಳುವುದು ಡಿಡಿಆರ್ 5. ಅದರ ಬೆಲೆಯೋ, 2025ರ ಕೊನೆಯಿಂದ ಅಡಿಕೆ ಧಾರಣೆಯಂತೆ ಜಿಗಿಯಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕಂಪ್ಯೂಟರ್ ಕೋಠಿಗಳು ಜಗತ್ತಿನ ಮೆಮೊರಿ ಚಿಪ್ಪನ್ನೆಲ್ಲ ಗುಡಿಸಿಕೊಂಡು ಹೋಗುತ್ತಿವೆ. ಮೈಕ್ರಾನ್ ಎಂಬ ಅಮೆರಿಕದ ಚಿಪ್ಪಿನ ಕಂಪನಿ, ಸಾಮಾನ್ಯ ಗಿರಾಕಿಗಳಿಗೆ 'ಕ್ರೂಶಿಯಲ್' ಹೆಸರಲ್ಲಿ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಘೋಷಿಸಿತು. ದೊಡ್ಡ ಗಿರಾಕಿ ಬಂದಾಗ ಚಿಲ್ಲರೆ ಗಿರಾಕಿಯನ್ನು ಎಬ್ಬಿಸುವುದು ಹೊಸದೇನಲ್ಲ. ಆದರೆ ಅದರ ಬಿಸಿ ಮಂಡಿಪೇಟೆಯ ಅಂಗಡಿಯವನ ಮಗನಿಗೆ ತಟ್ಟುತ್ತದೆ ಅಂತ ಯಾರು ಎಣಿಸಿದ್ದರು?

ಈಗ ವಿಷಯಕ್ಕೆ ಬರೋಣ. ಹೊಸ ಪೆಟ್ಟಿಗೆ ಕೊಳ್ಳುವುದು ಒಂದು ದಾರಿ, ತೇಪೆಯಿಲ್ಲದ ವಿಂಡೋಸ್ 10ರಲ್ಲೇ ದಿನ ದೂಡುವುದು ಇನ್ನೊಂದು. ಮೂರನೆಯದೂ ಒಂದಿದೆ. ಅದರ ಹೆಸರು ಲಿನಕ್ಸ್. ನಗರದಲ್ಲಿ ಇದನ್ನು ಬಲ್ಲವರು ಇಲ್ಲವೆಂದಲ್ಲ. ಉಬುಂಟು ಎಂಬ ಲಿನಕ್ಸಿನ ಸಿಡಿಯನ್ನು 2011ರವರೆಗೆ ಕೇಳಿದವರ ಮನೆಗೆ ಅಂಚೆಯಲ್ಲಿ ಬಿಟ್ಟಿ ಕಳಿಸುತ್ತಿದ್ದರು. ಆಗ ತರಿಸಿಕೊಂಡು, ಹಾಕಿ ನೋಡಿ, "ಗೇಮೇ ಓಡಲ್ವಲ್ಲೋ ಇದರಲ್ಲಿ" ಅಂತ ಮೂಲೆಗೆ ಎಸೆದವರು ಈಗ ಮೂವತ್ತು ದಾಟಿದ್ದಾರೆ. ಅವರ ಮಾತು ಆ ಕಾಲಕ್ಕೆ ನಿಜ. ಈಗ ಅರ್ಧ ಸುಳ್ಳು.

ಪಿಯುಸಿಯನ್ನು ಅರ್ಧಕ್ಕೆ ಬಿಟ್ಟ ನಮ್ಮಂಥವರಿಗೂ ಹಿಡಿಯುವ ಹಾಗೆ ಹೇಳುವುದಾದರೆ, ಕಂಪ್ಯೂಟರ್ ಅನ್ನುವುದು ಅಂಗಡಿ. ವಿಂಡೋಸ್ ಅದರ ಗುಮಾಸ್ತ. ಬಾಗಿಲು ತೆರೆಯುವವನು, ಗೋದಾಮಿನಿಂದ ಮಾಲು ತರುವವನು, ಗಿರಾಕಿಯನ್ನು ಮಾತಾಡಿಸುವವನು ಅವನೇ. ಗೇಮ್ ಅನ್ನುವುದು ಗಿರಾಕಿ. ಈ ಗಿರಾಕಿಗೆ ವಿಂಡೋಸ್ ಗುಮಾಸ್ತನ ಭಾಷೆಯೊಂದೇ ಗೊತ್ತು. ಲಿನಕ್ಸ್ ಇನ್ನೊಬ್ಬ ಗುಮಾಸ್ತ. ಫಿನ್‌ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ಹುಡುಗ 1991ರಲ್ಲಿ ಇದನ್ನು ಬರೆಯಲು ಶುರು ಮಾಡಿದ. ಆಮೇಲೆ ಜಗತ್ತಿನ ಸಾವಿರಾರು ಜನ ಸೇರಿ ಬೆಳೆಸಿದರು. ಸಂಬಳ ಕೇಳುವುದಿಲ್ಲ, ಅಂದರೆ ಲೈಸೆನ್ಸಿಗೆ ದುಡ್ಡಿಲ್ಲ. ಕೆಲಸದಲ್ಲಿ ಗಟ್ಟಿ. ತಾವು ಬಸ್ಸಿನಲ್ಲಿ ಕೂತು ತಿಕ್ಕುತ್ತಿರುವ ಆಂಡ್ರಾಯ್ಡ್ ಮೊಬೈಲಿನ ಹೊಟ್ಟೆಯಲ್ಲೂ ಇವನೇ ಇರುವುದು. ಆದರೆ ಗೇಮ್ ಅನ್ನುವ ಗಿರಾಕಿಯ ಭಾಷೆ ಇವನಿಗೆ ಬಾರದು. ಬಂದ ಗಿರಾಕಿ ಮುಖ ಮುಖ ನೋಡಿ ವಾಪಸು ಹೋಗುತ್ತಿದ್ದ.

ಆಗ ಬೇಕಾದದ್ದು ಒಬ್ಬ ದುಭಾಷಿ. 1993ರಲ್ಲೇ 'ವೈನ್' ಎಂಬ ಹೆಸರಿನಲ್ಲಿ ಕೆಲವರು ಆ ಕೆಲಸ ಶುರು ಮಾಡಿದ್ದರು. (ಕುಡಿಯುವುದಲ್ಲ ಸ್ವಾಮಿ, ಹೆಸರಷ್ಟೆ.) ವಿಂಡೋಸ್ ಭಾಷೆಯಲ್ಲಿ ಬಂದ ಕೋರಿಕೆಯನ್ನು ಲಿನಕ್ಸ್ ಭಾಷೆಗೆ ತಿರುಗಿಸಿ ಹೇಳುವುದು ಅದರ ಕೆಲಸ. ವರ್ಷಗಟ್ಟಲೆ ತೊದಲಿತು. ಸಣ್ಣಪುಟ್ಟ ಗೇಮ್ ಓಡುತ್ತಿತ್ತು, ದೊಡ್ಡದು ಮುಗ್ಗರಿಸುತ್ತಿತ್ತು. ಅದರ ನಾಲಿಗೆ ತಿರುಗಿದ್ದು ಹೇಗೆ ಅನ್ನುವುದು ವ್ಯಾಪಾರಸ್ಥರು ಕೇಳಬೇಕಾದ ಕಥೆ.

ವಾಲ್ವ್ ಎಂಬ ಕಂಪನಿಯಿದೆ. ಮೈಕ್ರೋಸಾಫ್ಟ್‌ನಲ್ಲೇ ದುಡಿದು ಹೊರಬಂದ ಗೇಬ್ ನ್ಯೂವೆಲ್ ಮತ್ತೊಬ್ಬರೊಡನೆ ಸೇರಿ 1996ರಲ್ಲಿ ಕಟ್ಟಿದ್ದು. 'ಸ್ಟೀಮ್' ಎಂಬ ಗೇಮ್ ಮಾರುವ ಅಂಗಡಿ ಅವರದು. ಕಂಪ್ಯೂಟರಿನಲ್ಲಿ ಗೇಮ್ ಕೊಳ್ಳುವವರು ಬಹಳಷ್ಟು ಕೊಳ್ಳುವುದು ಅಲ್ಲೇ. ಅಂಗಡಿ ಅವರದಾದರೂ ಜಾಗ ಮೈಕ್ರೋಸಾಫ್ಟ್‌ನದು. 2012ರಲ್ಲಿ ವಿಂಡೋಸ್ 8 ಬರುವಾಗ ಜಾಗದ ಮಾಲೀಕ ತಾನೇ ಒಂದು ಅಂಗಡಿ ತೆರೆದ. ಬಾಡಿಗೆದಾರನ ಎದೆ ಢವಢವ ಅನ್ನದೆ ಇರುತ್ತದೆಯೇ? ನ್ಯೂವೆಲ್ ಬಹಿರಂಗವಾಗಿಯೇ ವಿಂಡೋಸ್ 8ನ್ನು ದೊಡ್ಡ ಅನಾಹುತವೆಂದು ಬೈದರು. ಬೈದು ಸುಮ್ಮನಾಗಲಿಲ್ಲ, ಪಕ್ಕದ ಬೀದಿಯಲ್ಲಿ ಇನ್ನೊಂದು ಜಾಗ ನೋಡಿದರು. ಅದೇ ಲಿನಕ್ಸ್. 2013ರಲ್ಲಿ ಸ್ಟೀಮ್ ಲಿನಕ್ಸಿಗೆ ಬಂತು. 2015ರಲ್ಲಿ 'ಸ್ಟೀಮ್ ಮಷೀನ್' ಅಂತ ಪೆಟ್ಟಿಗೆಗಳನ್ನು ಮಾರಲು ಹೋಗಿ ಕೈ ಸುಟ್ಟುಕೊಂಡರು, ಆಡಲು ಗೇಮ್‌ಗಳೇ ಇರಲಿಲ್ಲ. ಸೋತವರು ಮನೆಗೆ ಹೋಗಲಿಲ್ಲ. ವೈನ್ ದುಭಾಷಿಯನ್ನು ಹಿಡಿದು, ಅದಕ್ಕೆ ದುಡ್ಡು ಸುರಿದು, 2018ರ ಆಗಸ್ಟ್‌ನಲ್ಲಿ 'ಪ್ರೋಟಾನ್' ಎಂಬ ಹೆಸರಿನಲ್ಲಿ ಸ್ಟೀಮ್ ಒಳಗೇ ಕೂರಿಸಿದರು. ಚಿತ್ರ ಬಿಡಿಸುವ ಭಾಗವನ್ನು ತರ್ಜುಮೆ ಮಾಡುವ 'ಡಿಎಕ್ಸ್‌ವಿಕೆ' ಎಂಬ ತುಣುಕು ಅದರ ಜೀವಾಳ. ಅದನ್ನು ಬರೆದಾತ ಶುರು ಮಾಡಿದ್ದು ನಿಯರ್ ಆಟೊಮಾಟಾ ಎಂಬ ಒಂದೇ ಒಂದು ಗೇಮನ್ನು ತನ್ನ ಲಿನಕ್ಸಿನಲ್ಲಿ ಆಡಬೇಕೆಂಬ ಹಟಕ್ಕೆ. ಗೇಮ್ ಆಡಿ ಹಾಳಾದ ಅಂತ ಮಗನಿಗೆ ಬೈಯುವ ಅಪ್ಪಂದಿರು ಇದನ್ನೊಮ್ಮೆ ಗಮನಿಸಬೇಕು.

2022ರ ಫೆಬ್ರವರಿಯಲ್ಲಿ ವಾಲ್ವ್ ಕಂಪನಿ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ತಂದಿತು. ಒಳಗೆ ಲಿನಕ್ಸ್. ಅದಾದ ಮೇಲೆ ಗೇಮ್ ಕಂಪನಿಗಳೂ ತಮ್ಮ ಸರಕು ಅದರಲ್ಲಿ ಓಡುತ್ತದೋ ಇಲ್ಲವೋ ಅಂತ ತಾವಾಗಿಯೇ ನೋಡಿಕೊಳ್ಳಲು ಶುರು ಮಾಡಿದವು. ಹಾಗಂತ ಊರೆಲ್ಲ ಲಿನಕ್ಸ್ ಆಯಿತು ಅಂತ ಯಾರೂ ತಿಳಿಯಬೇಡಿ. ಸ್ಟೀಮ್‌ನವರೇ ತಿಂಗಳು ತಿಂಗಳು ಎಣಿಸುವ ಲೆಕ್ಕದಲ್ಲಿ ಲಿನಕ್ಸಿನವರು ಶೇಕಡ 3 ದಾಟಿದ್ದೇ 2025ರ ಅಕ್ಟೋಬರ್‌ನಲ್ಲಿ, ಅದೂ ಮೊದಲ ಸಲ. ನೂರರಲ್ಲಿ ಮೂವರು. ಆದರೆ ಅದೇ ತಿಂಗಳು ವಿಂಡೋಸ್ 10ರ ಬಾಗಿಲು ಮುಚ್ಚಿತೆಂಬುದನ್ನು ಜೊತೆಗಿಟ್ಟು ನೋಡಿ.

ಇರಲಿ, ದೂರದ ಕಥೆ ಸಾಕು. ಮಂಡಿಪೇಟೆಯ ದಿನಸಿ ವ್ಯಾಪಾರಿಯೊಬ್ಬರ ಮಗ, ಡಿಪ್ಲೊಮಾ ಎರಡನೇ ವರ್ಷದ ಹುಡುಗ. ಪೆಟ್ಟಿಗೆ ಏಳನೇ ತಲೆಮಾರಿನ ಐ5, ಹದಿನಾರು ಜಿಬಿ ರ‍್ಯಾಮ್, ಸೆಕೆಂಡ್‌ಹ್ಯಾಂಡ್ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡು. ಅಂಗಡಿಯಲ್ಲಿ ಮುಗೀತು ಅನ್ನಿಸಿಕೊಂಡು ವಾಪಸು ಬಂದಿತ್ತು. ಹುಡುಗನ ಸಹಪಾಠಿಯೊಬ್ಬ ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವವನು. ಒಂದು ಶನಿವಾರ ಸಂಜೆ ಜೇಬಿನಲ್ಲಿ ಪೆನ್‌ಡ್ರೈವ್ ಹಾಕಿಕೊಂಡು ಬಂದ. ಈ ವರದಿಗಾರನೂ ಚಹಾದ ನೆಪದಲ್ಲಿ ಅಲ್ಲೇ ಕೂತಿದ್ದ. ಲಿನಕ್ಸ್ ಮಿಂಟ್ ಎಂಬುದನ್ನು ಹಾಕಲು ಅರ್ಧ ಗಂಟೆ ಹಿಡಿಯಿತು. ಗ್ರಾಫಿಕ್ಸ್ ಕಾರ್ಡಿಗೆ ಡ್ರೈವರ್ ಹುಡುಕುವ ಕೆಲಸವೇ ಇರಲಿಲ್ಲ, ಎಎಂಡಿ ಕಾರ್ಡಿನದು ಲಿನಕ್ಸ್ ಒಳಗೇ ಬರುತ್ತದೆ. ಸ್ಟೀಮ್ ಹಾಕಿ, ಸೆಟ್ಟಿಂಗಿನಲ್ಲಿ ಪ್ರೋಟಾನ್ ಆನ್ ಮಾಡಿದ್ದಾಯಿತು. ಗೇಮ್ ಇಳಿಯಲು ಮಾತ್ರ ಇಡೀ ರಾತ್ರಿ ಹಿಡಿಯಿತು. ಅದು ಲಿನಕ್ಸಿನ ತಪ್ಪಲ್ಲ, ನಮ್ಮೂರ ಇಂಟರ್ನೆಟ್ಟಿನ ಪ್ರತಾಪ.

ಮಾರನೇ ದಿನ ನೋಡಿದರೆ ಕೌಂಟರ್ ಸ್ಟ್ರೈಕ್ 2 ಓಡುತ್ತಿದೆ. ಅದಕ್ಕೆ ದುಭಾಷಿಯೂ ಬೇಡ, ಲಿನಕ್ಸಿಗೆಂದೇ ಮಾಡಿದ ಪ್ರತಿಯಿದೆ. ವಿಚರ್ 3 ಓಡುತ್ತಿದೆ. ಜಿಟಿಎ 5ರಲ್ಲಿ ಕಥೆಯ ಆಟ ಓಡುತ್ತಿದೆ. ಮೊದಲ ಹತ್ತು ನಿಮಿಷ ಅಲ್ಲಲ್ಲಿ ತಡವರಿಸಿತು, ಆಮೇಲೆ ಹದಕ್ಕೆ ಬಂತು. ಜಿಟಿಎ ಆನ್‌ಲೈನ್ ಮಾತ್ರ ಒಳಗೆ ಬಿಡಲಿಲ್ಲ. ಅದರ ಕಾರಣ ಮುಂದೆ ಹೇಳುತ್ತೇನೆ. ದಿನಸಿ ವ್ಯಾಪಾರಿಗಳು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟಾತು ಖರ್ಚು?" ಚಹಾ, ಮೆಣಸಿನಕಾಯಿ, ಮಂಡಕ್ಕಿ. ಅಷ್ಟೇ.

ಇಷ್ಟು ಓದಿ ಯಾರೂ ಈಗಲೇ ಎದ್ದು ಪೆನ್‌ಡ್ರೈವ್ ಹುಡುಕಬೇಡಿ. ಕಹಿ ಭಾಗ ಬಾಕಿಯಿದೆ, ಅದನ್ನು ಮುಚ್ಚಿಟ್ಟು ಲಿನಕ್ಸ್ ಹೊಗಳುವ ಮಹಾಶಯರಿಂದಲೇ ಅದಕ್ಕೆ ಕೆಟ್ಟ ಹೆಸರು.

ಹತ್ತಾರು ಜನ ಒಟ್ಟಿಗೆ ಆನ್‌ಲೈನಿನಲ್ಲಿ ಆಡುವ ಗೇಮ್‌ಗಳಲ್ಲಿ ಮೋಸಗಾರರ ಕಾಟ ವಿಪರೀತ. ಗೋಡೆಯಾಚೆ ನೋಡುವವರು, ಗುರಿ ತಪ್ಪದ ಹಾಗೆ ಕಳ್ಳ ತಂತ್ರಾಂಶ ಇಟ್ಟವರು. ಅವರನ್ನು ಹಿಡಿಯಲು ಗೇಮ್ ಕಂಪನಿಗಳು ಕಾವಲುಗಾರರನ್ನು ಇಟ್ಟಿವೆ. ಕೆಲವು ಕಾವಲುಗಾರರು ಬಾಗಿಲಲ್ಲಿ ನಿಲ್ಲುವವರಲ್ಲ, ಗುಮಾಸ್ತನ ತಿಜೋರಿ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು ಕೂರುವವರು. ಲಿನಕ್ಸ್ ಗುಮಾಸ್ತನ ತಿಜೋರಿ ಕೋಣೆಯಲ್ಲಿ ಇವರಿಗೆ ಕುರ್ಚಿಯಿಲ್ಲ. ಆ ಗುಮಾಸ್ತನನ್ನು ಯಾರು ಬೇಕಾದರೂ ತಿದ್ದಿ ಬರೆಯಬಹುದಾದ್ದರಿಂದ ಕಂಪನಿಗಳಿಗೆ ಅವನ ಮೇಲೆ ನಂಬಿಕೆಯೂ ಇಲ್ಲ. ಹೀಗಾಗಿ ವ್ಯಾಲೊರಂಟ್ ಲಿನಕ್ಸಿನಲ್ಲಿ ಇಲ್ಲ. ಫೋರ್ಟ್‌ನೈಟ್ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6 ಇಲ್ಲ. ಮೊದಲು ಓಡುತ್ತಿದ್ದು ಆಮೇಲೆ ಬಾಗಿಲು ಹಾಕಿಕೊಂಡವೂ ಇವೆ. ಲೀಗ್ ಆಫ್ ಲೆಜೆಂಡ್ಸ್ 2024ರ ಮೇ ತಿಂಗಳಲ್ಲಿ, ಜಿಟಿಎ ಆನ್‌ಲೈನ್ 2024ರ ಸೆಪ್ಟೆಂಬರ್‌ನಲ್ಲಿ, ಏಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ 31ಕ್ಕೆ. ಅಂದರೆ ಇವತ್ತು ಓಡಿದ್ದು ನಾಳೆ ಓಡುತ್ತದೆಂಬ ಭರವಸೆ ಈ ಜಾತಿಯ ಗೇಮ್‌ಗಳಲ್ಲಿ ಇಲ್ಲ.

ಒಂದು ಗೇಮ್ ಆಡಿದ್ದಕ್ಕೆ ಮನೆಯ ಬೀರುವಿನ ಬೀಗದ ಕೈ ಕೊಡಬೇಕು ಅನ್ನುವುದು ಯಾವ ನ್ಯಾಯ ಅಂತ ನನಗಿನ್ನೂ ತಿಳಿದಿಲ್ಲ. ಆದರೆ ನನ್ನ ಸಿಟ್ಟಿನಿಂದ ವ್ಯಾಲೊರಂಟ್ ಓಡುವುದಿಲ್ಲವಲ್ಲ. ದಿನಾ ರಾತ್ರಿ ಗೆಳೆಯರ ಗುಂಪು ಕಟ್ಟಿಕೊಂಡು ಅದನ್ನೇ ಆಡುವ ಹುಡುಗನಿಗೆ ಲಿನಕ್ಸ್ ಹಾಕಿಕೊಡುವುದು ಅನ್ಯಾಯ. ಅಂಥವನು ವಿಂಡೋಸ್‌ನಲ್ಲೇ ಇರಲಿ.

ಕಂಪ್ಯೂಟರಿನಲ್ಲಿ ಮೊಬೈಲ್ ಗೇಮ್ ಆಡುವವರ ಕಥೆಯೂ ಹೆಚ್ಚುಕಡಿಮೆ ಇದೇ. ಫ್ರೀ ಫೈರ್ ಮ್ಯಾಕ್ಸ್ ಥರದ್ದನ್ನು ದೊಡ್ಡ ಪರದೆಯಲ್ಲಿ ಆಡಲು ನಮ್ಮ ಹುಡುಗರು ಬಳಸುವ ಬ್ಲೂಸ್ಟ್ಯಾಕ್ಸ್‌ಗೆ ಲಿನಕ್ಸ್ ಪ್ರತಿಯಿಲ್ಲ. ಇನ್ನು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಓಡಾಡುವ ಬಿಟ್ಟಿ ಗೇಮ್‌ಗಳ ಬಗ್ಗೆ ನಾನೇನೂ ಹೇಳಲಾರೆ. ಕೆಲವು ಓಡುತ್ತವೆ, ಕೆಲವು ಓಡವು, ಯಾವುದರ ಹೊಟ್ಟೆಯಲ್ಲಿ ಏನಿದೆಯೋ ಬಲ್ಲವರಾರು.

ಕಾರ್ಡಿನ ಮಾತೂ ಆಗಿಬಿಡಲಿ. ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1060, 1050 ಟಿಐ ನಮ್ಮಲ್ಲಿ ಮನೆಮಾತು. ಅವಕ್ಕೆ ಲಿನಕ್ಸಿನಲ್ಲಿ ಡ್ರೈವರ್ ಪ್ರತ್ಯೇಕ ಹಾಕಬೇಕು, ಅದರಲ್ಲೂ 580 ಎಂಬ ಸಂಖ್ಯೆಯ ಸರಣಿಯನ್ನೇ ಹಾಕಬೇಕು. ಅದಕ್ಕಿಂತ ಮುಂದಿನದು ಈ ಕಾರ್ಡುಗಳನ್ನು ಗುರುತು ಹಿಡಿಯುವುದಿಲ್ಲ. ಹೊಸದೇ ಒಳ್ಳೆಯದು ಅಂತ ಕೊನೆಯ ಸಂಖ್ಯೆ ಒತ್ತಿದರೆ ಕಪ್ಪು ಪರದೆ ಖಾತ್ರಿ. ಜಿಟಿ 710, ಜಿಟಿ 730 ಇರುವವರು ಹೊಸ ಗೇಮ್‌ಗಳ ಆಸೆ ಬಿಡಿ. ಹೇಳಿಕೇಳಿ ಅವು ವಿಂಡೋಸ್‌ನಲ್ಲೇ ಏದುಸಿರು ಬಿಡುವ ಕಾರ್ಡುಗಳು. ಅವನ್ನು 'ಗೇಮಿಂಗ್ ಕಾರ್ಡು' ಅಂತ ಬಾಕ್ಸಿನ ಮೇಲೆ ಬರೆದು ಮಾರಿದವರಿಗೆ ದೇವರು ಒಳ್ಳೆಯದು ಮಾಡಲಿ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಹುಡುಗನನ್ನು ಕೂರಿಸಿಕೊಂಡು, ಯಾವ ಯಾವ ಗೇಮ್ ಆಡುತ್ತೀಯಪ್ಪಾ ಅಂತ ಒಂದು ಚೀಟಿಯಲ್ಲಿ ಬರೆಸಿ. ಇಷ್ಟು ವರ್ಷ ಕಂಪ್ಯೂಟರ್ ಕೊಡಿಸಿದ ಅಪ್ಪನಿಗೆ ಮಗ ಏನಾಡುತ್ತಾನೆಂದು ಗೊತ್ತಾಗುವ ಲಾಭವೂ ಇದರಲ್ಲಿದೆ. ಆ ಚೀಟಿ ಹಿಡಿದು ಪ್ರೋಟಾನ್‌ಡಿಬಿ ಎಂಬ ಕಡೆ ಹುಡುಕಿ. ಯಾವ ಗೇಮ್ ಎಷ್ಟು ಚೆನ್ನಾಗಿ ಓಡುತ್ತದೆಂದು ಆಡಿದವರೇ ಬರೆದು, ಪ್ಲಾಟಿನಂ, ಗೋಲ್ಡ್, ಸಿಲ್ವರ್ ಅಂತ ದರ್ಜೆ ಕಟ್ಟಿರುತ್ತಾರೆ. ಬಸ್ ಸ್ಟ್ಯಾಂಡಿನ ಬೋರ್ಡಿಗಿಂತ ಹೆಚ್ಚು ನಂಬಬಹುದು.

ಆಮೇಲೆ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ನೋಡಿ, ಹಾರ್ಡ್‌ಡಿಸ್ಕ್ ಮುಟ್ಟಬೇಡಿ. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರ್ ಮಾತು ಕೇಳುತ್ತದೆಯೇ ಅನ್ನುವುದು ಅಲ್ಲೇ ತಿಳಿಯುತ್ತದೆ. ಸರಿಬಂದರೆ ಇನ್ನೊಂದು ಸಣ್ಣ ಎಸ್‌ಎಸ್‌ಡಿ ತಂದು ಅದಕ್ಕೆ ಹಾಕಿ, ವಿಂಡೋಸ್ ಇರುವ ಡಿಸ್ಕನ್ನು ಹಾಗೇ ಬಿಡಿ. ಒಂದೇ ಡಿಸ್ಕಿನಲ್ಲಿ ಇಬ್ಬರು ಗುಮಾಸ್ತರನ್ನು ಕೂರಿಸಿದರೆ ಜಗಳ ತಪ್ಪದು. 2024ರ ಆಗಸ್ಟ್‌ನಲ್ಲಿ ವಿಂಡೋಸ್‌ನ ಒಂದು ತೇಪೆಯಿಂದ, ಹಾಗೆ ಜೊತೆಗಿದ್ದ ಎಷ್ಟೋ ಜನರ ಲಿನಕ್ಸ್ ಏಳದೆ ಹೋಯಿತು. ಮನೆಯ ಫೋಟೋ, ತಂಗಿಯ ಮದುವೆ ವಿಡಿಯೋ ಇದ್ದರೆ ಮೊದಲು ಬೇರೆ ಕಡೆ ನಕಲು ಮಾಡಿಕೊಳ್ಳಿ. 'ಎರೇಸ್ ಡಿಸ್ಕ್' ಅನ್ನುವ ಗುಂಡಿ ಒತ್ತಿದ ಮೇಲೆ ಯಾವ ಶಾಸಕರ ಶಿಫಾರಸೂ ನಡೆಯುವುದಿಲ್ಲ.

ವ್ಯಾಪಾರಸ್ಥ ಮಿತ್ರರಿಗೆ ಇನ್ನೊಂದು ಎಚ್ಚರ. ಹಗಲು ಅಪ್ಪನ ಟ್ಯಾಲಿ, ರಾತ್ರಿ ಮಗನ ಗೇಮ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ನಡೆಯುವ ಮನೆಗಳು ಈ ಊರಲ್ಲಿ ಬಹಳ. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿಯದೇ ಆದರೂ ಅದು ಓಡುವುದು ವಿಂಡೋಸ್ ಮೇಲೆ. ಅದಿರುವ ಡಿಸ್ಕಿಗೆ ಕೈ ಹಾಕಬೇಡಿ. ನಮ್ಮ ಕಚೇರಿಯಲ್ಲಿ ಪುಟ ಕಟ್ಟುವ ಕಂಪ್ಯೂಟರಿನದೂ ಅದೇ ಪಾಡು. ಹಳೆಯ ಕನ್ನಡ ಅಕ್ಷರಗಳು, ಹಳೆಯ ಪುಟವಿನ್ಯಾಸದ ತಂತ್ರಾಂಶ, ಎಲ್ಲ ವಿಂಡೋಸ್‌ಗೆ ಅಂಟಿಕೊಂಡಿವೆ. ಯುನಿಕೋಡ್ ಕನ್ನಡಕ್ಕೆ ಮಾತ್ರ ಲಿನಕ್ಸಿನಲ್ಲಿ ಯಾವ ತೊಂದರೆಯೂ ಇಲ್ಲ. ಉಬುಂಟುವಿನಲ್ಲಿ 'ಗುಬ್ಬಿ', 'ನವಿಲು' ಅನ್ನುವ ಚಂದದ ಹೆಸರಿನ ಕನ್ನಡ ಅಕ್ಷರಗಳು ಬಿಟ್ಟಿಯಾಗಿ ಸಿಗುತ್ತವೆ. ಗೇಮ್ ಆಡುವ ಹುಡುಗ ಅದರಲ್ಲೊಂದು ಅರ್ಜಿಯನ್ನೂ ಟೈಪು ಮಾಡಿದರೆ ಬೇಡವೆನ್ನುವವರಾರು?

ಕೊನೆಗೆ ರಿಪೇರಿ ಅಂಗಡಿಯ ಅಣ್ಣಂದಿರಿಗೆ ನಾಲ್ಕು ಮಾತು. ತಮ್ಮ ಹೊಟ್ಟೆಯ ಮೇಲೆ ಹೊಡೆಯುವುದು ಈ ಅಂಕಣದ ಉದ್ದೇಶವಲ್ಲ. ಬಾಡಿಗೆ, ಕರೆಂಟು, ಹುಡುಗರ ಸಂಬಳ ಎಲ್ಲ ನಮಗೂ ಗೊತ್ತು. ಆದರೆ ಈಗ ತಾವು ಮಾಡುತ್ತಿರುವುದೇನು? ಮುನ್ನೂರೋ ಐನೂರೋ ತೆಗೆದುಕೊಂಡು ಎಲ್ಲಿಯದೋ ಕಳ್ಳ ವಿಂಡೋಸ್ ಹಾಕಿಕೊಡುತ್ತೀರಿ, ಆರು ತಿಂಗಳಿಗೆ ಅದು ಕೈಕೊಡುತ್ತದೆ, ಗಿರಾಕಿ ಮತ್ತೆ ಬರುತ್ತಾನೆ. ಅದೇ ಐನೂರು ತೆಗೆದುಕೊಂಡು, ಕಾನೂನಿನ ಭಯವಿಲ್ಲದ ಲಿನಕ್ಸ್ ಹಾಕಿಕೊಟ್ಟು, ಸ್ಟೀಮ್ ಕೂರಿಸಿ, ಎರಡು ಗೇಮ್ ಓಡಿಸಿ ತೋರಿಸಿದರೆ ಅದು ದುಡಿಮೆಯಲ್ಲವೇ? ಬಿಟ್ಟಿ ತಂತ್ರಾಂಶ ಅಂದರೆ ಹಾಕಿಕೊಡುವವನ ಶ್ರಮವೂ ಬಿಟ್ಟಿ ಅಂತ ಯಾರೂ ಹೇಳಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಲಿನಕ್ಸಿಗೆ ತಿರುಗಿ ವರ್ಷಗಳೇ ಆದವು. ಎರಡು ಲಕ್ಷ ಕಂಪ್ಯೂಟರುಗಳಲ್ಲಿ ಅದನ್ನೇ ಹಾಕಿ ಲೈಸೆನ್ಸಿನ 3,000 ಕೋಟಿ ರೂಪಾಯಿ ಉಳಿಸುತ್ತೇವೆ ಅಂತ ಅಲ್ಲಿಯ ಕೈಟ್ ಸಂಸ್ಥೆ 2019ರಲ್ಲಿ ಹೇಳಿಕೊಂಡಿತ್ತು. ಮಲಯಾಳಿ ಮೇಷ್ಟ್ರುಗಳಿಗೆ ಸಾಧ್ಯವಾದದ್ದು ನಮ್ಮ ರಿಪೇರಿ ಹುಡುಗರಿಗೆ ಸಾಧ್ಯವಿಲ್ಲವೇ?

ಇನ್ನೊಂದು. 'ಮುಗೀತು' ಎಂದು ಬಿಚ್ಚಿಕೊಂಡ ಹಳೆಯ ಬೋರ್ಡು, ಪ್ರೊಸೆಸರ್, ಡಿಡಿಆರ್ 4 ರ‍್ಯಾಮ್ ಎಲ್ಲಿಗೆ ಹೋಗುತ್ತವೆ? ಗಿರಾಕಿಗೆ ಅದರ ಲೆಕ್ಕ ಕೊಡುವವರು ಕಡಿಮೆ. ಅದೇ ಮಾಲು ಒರೆಸಿಕೊಂಡು, ಬೇರೆ ಪೆಟ್ಟಿಗೆ ಸೇರಿ, ಹಳ್ಳಿಯ ಕಡೆಯವರಿಗೆ 'ಸೆಕೆಂಡ್‌ಹ್ಯಾಂಡ್ ಗೇಮಿಂಗ್ ಪಿಸಿ' ಆಗಿ ಮಾರಾಟವಾಗುವುದನ್ನು ಬೀದಿಯಲ್ಲಿ ಎಲ್ಲರೂ ಬಲ್ಲರು. ರ‍್ಯಾಮ್ ಬೆಲೆ ಏರಿದ ಮೇಲೆ ಹಳೆಯ ಡಿಡಿಆರ್ 4ಕ್ಕೂ ಒಳ್ಳೆ ಗಿರಾಕಿಯಿದೆ. ಆದ್ದರಿಂದ ಬೋರ್ಡು ಬದಲಿಸಿ ಅನ್ನುವ ಪ್ರತಿ ಅಂಗಡಿಯವರೂ ಚೀಟಿಯಲ್ಲಿ ಮೂರು ಸಾಲು ಬರೆಯಲಿ: ಯಾವ ಶರತ್ತಿಗೆ ಈ ಪೆಟ್ಟಿಗೆ ಒಗ್ಗಲಿಲ್ಲ, ಗಿರಾಕಿ ಯಾವ ಗೇಮ್ ಆಡುತ್ತಾನೆಂದು ಕೇಳಿದಿರಾ, ಬಿಚ್ಚಿಕೊಂಡ ಮಾಲಿಗೆ ಎಷ್ಟು ಹಿಡಿದಿರಿ. ಅಪ್ಪಂದಿರೇ, ಈ ಮೂರು ಸಾಲಿಲ್ಲದ ಚೀಟಿಗೆ ದುಡ್ಡು ಎಣಿಸಬೇಡಿ. ಹಳೆಯ ಮಾಲನ್ನು ಚೀಲಕ್ಕೆ ಹಾಕಿಸಿಕೊಂಡು ಮನೆಗೆ ತನ್ನಿ.